ಐದನೆಯ ಕೈ

ಕೊಟ್ಟೂರಿನಲ್ಲಿ ನಾನು ಬಿ.ಎ. ಕೊನೆಯ ವರ್ಷದವರಿಗೆ ಅಮೆರಿಕದ ಇತಿಹಾಸ ಹೇಳಿಕೊಡುತ್ತಿದ್ದೆ. ಹೇಳಿಕೊಡುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು, ನೋಟ್ಸ್ ಬರೆಸುತ್ತಿದ್ದೆ. ಅದೂ ನನ್ನದಲ್ಲ. ನಾನು ಓದುವಾಗ ನನ್ನ ಮೇಷ್ಟ್ರು ಬರೆಸಿದ್ದು, ಅವರಿಗೆ ಅವರ ಮೇಷ್ಟ್ರು ಬರೆಸಿದ್ದಿರಬೇಕು. ಹಾಳೆಗಳ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ತೊಂಬತ್ತರ ದಶಕ ಅರ್ಧ ಮುಗಿದಿದ್ದರೂ ನನ್ನ ಅಮೆರಿಕ ಮಾತ್ರ ತನಗೆ ಸ್ವಾತಂತ್ರ್ಯ ಬರುವುದಕ್ಕೆ ಮುಂಚೆಯೇ ನಿಂತುಬಿಟ್ಟಿತ್ತು, ಯಾಕೆಂದರೆ ಸಿಲಬಸ್ಸು ಯಾವ ವರ್ಷವೂ ಪೂರ್ತಿ ಮುಗಿಯುತ್ತಿರಲಿಲ್ಲ.

‘ಬ್ರಿಟಿಷ್ ವಸಾಹತುಗಳಲ್ಲಿ ಜನಸಂಖ್ಯೆ ಬೆಳೆಯಲು ಕಾರಣಗಳು’ ಎನ್ನುವುದು ಹತ್ತು ಅಂಕದ ಪ್ರಶ್ನೆ, ವರ್ಷ ಬಿಟ್ಟು ವರ್ಷ ಬರುತ್ತಿತ್ತು. ಬರೆದುಕೊಳ್ಳಿ: ಒಂದು, ಯಥೇಚ್ಛ ಭೂಮಿ. ಎರಡು, ಬೇಗ ಮದುವೆ. ಮೂರು, ಹೆಚ್ಚು ಮಕ್ಕಳು. ನಾಲ್ಕು, ಯುರೋಪಿನಿಂದ ವಲಸೆ. ಆ ಯಥೇಚ್ಛ ಭೂಮಿ ಅದಕ್ಕೆ ಮೊದಲು ಯಾರದಾಗಿತ್ತು ಎಂದು ನೋಟ್ಸು ಕೇಳುತ್ತಿರಲಿಲ್ಲ. ಅಲ್ಲಿ ಮೊದಲೇ ಇದ್ದ ಜನಕ್ಕೆ ಅರ್ಧ ಸಾಲು. ಹಡಗಿನ ಬಾಡಿಗೆಗೆ ಕಾಸಿಲ್ಲದೆ ನಾಲ್ಕು ವರ್ಷ, ಏಳು ವರ್ಷ ಜೀತಕ್ಕೆ ಬರೆದುಕೊಟ್ಟು ಬಂದವರಿಗೆ ಒಂದು ಸಾಲು. ಆಫ್ರಿಕದಿಂದ ಸರಪಳಿ ಹಾಕಿ ತಂದವರನ್ನು ಕೂಡ ‘ವಲಸೆ’ ಎನ್ನುವ ತಲೆಬರಹದ ಕೆಳಗೇ ಹಾಕಿತ್ತು, ಅವರೇನೋ ಟಿಕೆಟ್ ತೆಗೆಸಿಕೊಂಡು ಬಂದವರಂತೆ. ಇಷ್ಟನ್ನೂ ನಾನು ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದುತ್ತಿದ್ದೆ. ನಲವತ್ತು ತಲೆಗಳು ಬಗ್ಗಿ ಬರೆದುಕೊಳ್ಳುತ್ತಿದ್ದವು.

ಒಂದು ದಿನ ಯಾಕೋ ಉಮೇದು ಬಂದು ನೋಟ್ಸಿನಲ್ಲಿ ಇಲ್ಲದ್ದೊಂದು ಮಾತು ಹೇಳಿದೆ. ಇಂಗ್ಲಿಷರು ಬಂದು ನೆಲೆಯಾದ ಮೇಲೆ ಜರ್ಮನರು ಬರತೊಡಗಿದರು. ಆಗ ಮೊದಲು ಬಂದವರಿಗೆ ಮೂಗು ಮುರಿಯುವುದೇ ಕೆಲಸವಾಯಿತು. ‘ಇವರು ಹಿಂಡು ಹಿಂಡಾಗಿ ಬರುತ್ತಾರೆ, ನಮ್ಮ ಭಾಷೆ ಕಲಿಯುವುದಿಲ್ಲ, ತಮ್ಮ ಪಾಡಿಗೆ ತಾವಿರುತ್ತಾರೆ, ನಾಳೆ ಇದು ನಮ್ಮ ನಾಡಾಗಿ ಉಳಿಯುವುದಿಲ್ಲ’ ಎಂದು ಗೊಣಗಿದರು. ಹಾಗೆ ಗೊಣಗಿದವರ ಅಜ್ಜಂದಿರೂ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಬಂದಿದ್ದರು ಎಂದೆ. ಕ್ಲಾಸು ನಕ್ಕಿತು. ಹಿಂದಿನ ಬೆಂಚಿನವನೊಬ್ಬ, “ನಮ್ಮ ಕ್ಯಾಂಪಿನೋರಂಗ ಸಾರ್!” ಎಂದು ಕೂಗಿದ. ಎಲ್ಲರೂ ತಿರುಗಿ ಮೂರನೇ ಬೆಂಚಿನ ಹುಡುಗಿಯನ್ನು ನೋಡಿದರು.

ಆಕೆ ನಮ್ಮೂರ ಪಕ್ಕದ ಕ್ಯಾಂಪಿನವಳು. ನನ್ನ ಊರು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಹೋಗುವಾಗ ಸಿಗುತ್ತದೆ. ಹೆಸರು ಬೇಡ, ಊರಿಗೆ ಮರ್ಯಾದೆ ಇಲ್ಲದಿದ್ದರೂ ಸಿಟ್ಟು ಬಹಳ. ಆಗ್ಗೆ ಹದಿಮೂರು ಹದಿನಾಲ್ಕು ವರ್ಷದ ಹಿಂದೆ ಆಂಧ್ರದಿಂದ ಎಂಟು ಹತ್ತು ಮನೆಯವರು ಬಂದು, ನಮ್ಮವರು ಯಾರೂ ನೇಗಿಲು ಇಳಿಸದ ಕಲ್ಲು ಹೊಲ ಹಿಡಿದು, ಬೋರು ಹಾಕಿಸಿ, ಮೆಣಸಿನಕಾಯಿ ಬೆಳೆದರು. ಅವರ ಗುಡಿಸಲುಗಳಿಗೆ ಊರು ‘ಕ್ಯಾಂಪು’ ಎಂದಿತು. ಆಮೇಲೆ ಗುಡಿಸಲು ಹೋಗಿ ಗೋಡೆ ಬಂತು, ಗೋಡೆಗೆ ಸುಣ್ಣ ಬಂತು, ಮಕ್ಕಳು ನಮ್ಮ ಶಾಲೆಯಲ್ಲೇ ಕಲಿತು ನಮಗಿಂತ ಚಲೋ ಕನ್ನಡ ಬರೆದರು. ಊರಿಗೆ ಮಾತ್ರ ಅವರು ‘ನಿನ್ನೆ ಬಂದೋರು’. ಸ್ವಂತ ಹೊಲದಲ್ಲಿ ಜಾಲಿ ಬೆಳೆಸಿಕೊಂಡು ಅಗಸಿ ಕಟ್ಟೆಯ ಮೇಲೆ ಇಸ್ಪೀಟು ಆಡುವ ನಮ್ಮ ಶೂರರು ಹಾಗೆನ್ನುತ್ತಿದ್ದರು. ಅವರ ಹೆಂಡಂದಿರು ಹಗಲೆಲ್ಲ ಕ್ಯಾಂಪಿನಲ್ಲಿ ಮೆಣಸಿನಕಾಯಿ ಬಿಡಿಸಿ ಕೂಲಿ ತಂದು ಅನ್ನಕ್ಕೆ ಹಾಕುತ್ತಿದ್ದರು.

ಹುಡುಗಿ ಅವಮಾನಕ್ಕೆ ತಲೆ ತಗ್ಗಿಸಲಿಲ್ಲ. ಎದ್ದು ನಿಂತು ಕೇಳಿದಳು.

“ಸಾರ್, ಮದಲು ಬಂದೋರು ಎಷ್ಟು ವರ್ಷಕ್ಕ ಆ ಊರಿನೋರು ಆದ್ರು?”

ಇಪ್ಪತ್ತು ವರ್ಷದ ಮೇಷ್ಟ್ರಿಕೆಯಲ್ಲಿ ನನ್ನನ್ನು ಯಾರಾದರೂ ಕೇಳಿದ ಒಂದೇ ಒಂದು ಇತಿಹಾಸದ ಪ್ರಶ್ನೆ ಅದು. ಉಳಿದವರು ಕೇಳಿದ್ದೆಲ್ಲ ‘ಇದು ಇಂಪಾರ್ಟೆಂಟಾ ಸಾರ್’ ಎಂಬುದೊಂದೇ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೇಷ್ಟ್ರ ಬಾಯಿಗೆ ಬರುವ ಮಾತಲ್ಲ.

“ಅದು ಪರೀಕ್ಷೆಗೆ ಬರೋದಿಲ್ಲ. ಕೂತ್ಕೊ,” ಎಂದೆ.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಆ ಹುಡುಗಿ ತಂದೆಯ ಜೊತೆ ಊರಿನ ಮನೆಗೇ ಬಂದಳು. ನಾನು ರಜೆಗೆ ಊರಿನಲ್ಲಿದ್ದೆ. ಆಕೆಗೆ ಬಿ.ಎಡ್. ಮಾಡಿ ಟೀಚರಾಗಬೇಕಿತ್ತು. ಅರ್ಜಿಯ ಜೊತೆ ವಾಸಸ್ಥಳದ ಸರ್ಟಿಫಿಕೇಟು ಕೇಳಿದ್ದರು. ಅದಕ್ಕೆ ಗ್ರಾಮಲೆಕ್ಕಿಗನಿಂದ ಮಹಜರು ಆಗಬೇಕು. ಮಹಜರೆಂದರೆ ಒಂದು ಹಾಳೆ. ಇವರು ಇಷ್ಟು ವರ್ಷದಿಂದ ನಮ್ಮೂರಲ್ಲೇ ವಾಸವಾಗಿದ್ದಾರೆ, ಇದು ನಮಗೆ ಗೊತ್ತು ಎಂದು ಊರಿನ ಐದು ಜನ ಸಹಿ ಮಾಡಬೇಕು. ಕ್ಯಾಂಪಿನವರದು ನಡೆಯುವುದಿಲ್ಲ, ಊರಿನವರದೇ ಆಗಬೇಕು ಎಂದು ಆ ಗ್ರಾಮಲೆಕ್ಕಿಗ ಖಡಕ್ಕಾಗಿ ಹೇಳಿದ್ದ. ಹಾಳೆಯಲ್ಲಿ ನಾಲ್ಕು ಆಗಿದ್ದವು. ಚಹಾದಂಗಡಿಯವನು, ಕ್ಷೌರದವನು, ಮಠದ ಅಯ್ಯನವರು, ಮತ್ತು ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದ ಒಬ್ಬ ಮುದುಕಿಯ ಹೆಬ್ಬೆಟ್ಟು. ಊರಿನ ಲೆಕ್ಕದಲ್ಲಿ ಈ ನಾಲ್ವರೂ ಲೆಕ್ಕಕ್ಕಿಲ್ಲದವರು. ಲೆಕ್ಕಕ್ಕಿದ್ದ ಗಂಡಸರೆಲ್ಲ ನಮ್ಮ ದೊಡ್ಡಪ್ಪನ ಮುಖ ನೋಡುತ್ತಿದ್ದರು. ಆತ ತಲೆ ಅಲ್ಲಾಡಿಸಿದರೆ ಇವರೂ ಅಲ್ಲಾಡಿಸುವ ಕೋಲೆಬಸವರು.

ದೊಡ್ಡಪ್ಪನೆಂದರೆ ನಮ್ಮಪ್ಪನ ಅಣ್ಣ. ಅಪ್ಪ ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಓದಿಸಿದವನು ಆತನೇ. ಹೊಲ ಇನ್ನೂ ಪಾಲಾಗಿರಲಿಲ್ಲ. ಆತನ ಬಾಯಿ ತೆರೆದರೆ ಒಂದೇ ಮಾತು, “ನಾವು ಈ ಊರಿನ ಮೂಲದೋರು.” ಉಚ್ಚಂಗಿದುರ್ಗದ ಕೋಟೆ ಕಟ್ಟುವಾಗ ಕಲ್ಲು ಎಳೆಯಲು ನಮ್ಮ ಮನೆಯ ಎತ್ತುಗಳೇ ಹೋಗಿದ್ದವಂತೆ. ಹರಪನಹಳ್ಳಿಯ ಪಾಳೆಗಾರರು ನಮ್ಮ ಮನೆಯ ಮಜ್ಜಿಗೆ ಕುಡಿದೇ ಮುಂದೆ ಹೋಗುತ್ತಿದ್ದರಂತೆ. ಎತ್ತಿನ ಬಣ್ಣ ಕೂಡ ಹೇಳುತ್ತಿದ್ದ. ಕ್ಯಾಂಪಿನವರ ಮೇಲೆ ಆತನಿಗೆ ಇದ್ದ ಸಿಟ್ಟಿಗೆ ಕಾರಣ ಒಂದೇ. ಹದಿನಾಲ್ಕು ವರ್ಷವಾದರೂ ಅವರು ಯಾವುದಕ್ಕೂ ಆತನ ಬಾಗಿಲಿಗೆ ಬಂದಿರಲಿಲ್ಲ. ಈಗ ಬಂದಿದ್ದಾರೆಂದು ತಿಳಿದು ಆತನ ಮೀಸೆ ಕುಣಿಯಿತು.

“ಊರಿಗೆ ಬಂದಾಕಿ ನೀರಿಗೆ ಬರ್ದಂಗ ಇರ್ತಾಳೇನು!” ಎಂದ.

ಆಮೇಲೆ ಆ ತಂದೆಯ ಕಡೆ ತಿರುಗಿ, “ನಾಡಿದ್ದು ನಮ್ಮ ಮನಿಗೆ ಹೆಳವ ಬರ್ತಾನ. ನೀವೂ ಬರ್ರಿ. ಎಂಥಾ ಮನಿತನದ ಸಹಿ ಕೇಳಾಕ ಬಂದೀವಿ ಅನ್ನೋದು ಕಿವಿಯಾರೆ ಕೇಳ್ರಿ. ಆಮ್ಯಾಲೆ ಸಹಿ ಮಾತು,” ಎಂದು ಹೇಳಿ ಕಳಿಸಿದ. ಅರ್ಜಿ ಕೊಡಲು ಅದರ ಮರುದಿನವೇ ಕೊನೆಯ ದಿನ. ಅದನ್ನು ಹುಡುಗಿ ಹೇಳಿದಳು, ದೊಡ್ಡಪ್ಪ ಕೇಳಿಸಿಕೊಳ್ಳಲಿಲ್ಲ.

ಹೋಗುವಾಗ ಆಕೆ ಅಂಗಳದಲ್ಲಿ ನಿಂತು ನನ್ನನ್ನು ಕೇಳಿದಳು. “ಸಾರ್, ನಿಮ್ಮ ಹೆಸರೂ ಈ ಊರಿನ ವೋಟರ್ ಲಿಸ್ಟಿನಾಗ ಐತಲ್ರಿ. ನೀವೇ ಒಂದು ಸಹಿ ಮಾಡಿದ್ರ ಆಗಂಗಿಲ್ಲೇನ್ರಿ?”

“ದೊಡ್ಡೋರು ಇರೋವಾಗ ನಾ ಮುಂದಾಗೋದು ಬರೋಬರಿ ಅಲ್ಲ. ನಾ ಹೇಳಿ ಮಾಡಿಸ್ತೀನಿ, ಚಿಂತಿ ಬಿಡು,” ಎಂದೆ. ಪಾಲಾಗದ ಹೊಲ ನನ್ನ ನಾಲಿಗೆಯ ಮೇಲೆ ಕುಳಿತು ಮಾತಾಡಿತು. ಆಗ ಅದನ್ನು ನಾನು ಸಂಸ್ಕಾರ ಎಂದುಕೊಂಡಿದ್ದೆ.

ಹೆಳವರ ವಿಷಯ ತಿಳಿಯದವರಿಗೆ ಎರಡು ಮಾತು. ನಮ್ಮ ಕಡೆ ಮನೆತನಗಳ ವಂಶಾವಳಿ ಇಟ್ಟುಕೊಂಡವರು ಅವರು. ನಾಲ್ಕೈದು ವರ್ಷಕ್ಕೊಮ್ಮೆ ಎತ್ತಿನ ಕೊರಳಿಗೆ ಗಂಟೆ ಕಟ್ಟಿಕೊಂಡು ಬಂದು, ಮೂಲ ಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳವನ್ನೋ ಬಟ್ಟೆಯನ್ನೋ ಇಸಿದುಕೊಂಡು ಹೋಗುತ್ತಾರೆ. ನಮ್ಮ ಹೆಳವ ಮರುದಿನ ನನಗೆ ಕೊಟ್ಟೂರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಿಕ್ಕ. ಚಿಕ್ಕಂದಿನಿಂದ ನನಗಿದ್ದ ಒಂದು ಅನುಮಾನವನ್ನು ಅವನ ಮುಂದಿಟ್ಟೆ. ಬೇರೆ ಮನೆಗಳಲ್ಲಿ ಮೂಲ ಪುರುಷನಿಂದ ಓದುವವನು ನಮ್ಮ ಮನೆಯಲ್ಲಿ ಮಾತ್ರ ನಡುವಿನಿಂದ ಶುರು ಮಾಡುವುದು ಯಾಕೆ?

ಹೆಳವ ಬಸಿಯಲ್ಲಿ ಚಹಾ ಆರಿಸುತ್ತ, “ನಿಮ್ಮ ದೊಡ್ಡಪ್ಪಾರು ಮ್ಯಾಲಿನ ಮೂರು ತಲಿ ಬಿಟ್ಟು ಓದು ಅಂದಾರ್ರಿ. ಅವರಪ್ಪಾರೂ ಹಂಗ ಅಂತಿದ್ರಂತ. ಅದಕ್ಕಂತ ಬ್ಯಾರೆ ಒಂದು ಚೀಲ ಜ್ವಾಳ ಕೊಡ್ತಾರ,” ಎಂದ. ಅವನ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ಗಿರಾಕಿ ಹೇಳಿದಂತೆ ಕತ್ತರಿಸುವ ದರ್ಜಿಯ ಹಾಗಿದ್ದ.

ಬಿಟ್ಟ ಆ ಮೂರು ತಲೆಮಾರಿನಲ್ಲಿ ಏನಿದೆ ಎಂದು ಕೇಳಿದೆ. ಅವನು ಹೇಳಿದ. ಕೇಳಿ ನನಗೆ ಎಂಥ ಖುಷಿಯಾಯಿತೆಂದರೆ ಎರಡು ಚಹಾದ ದುಡ್ಡು ನಾನೇ ಕೊಟ್ಟೆ. “ನಾಳೆ ಮೊದಲಿಂದ ಓದು, ಏನೂ ಬಿಡಬ್ಯಾಡ, ನಾ ಅದೀನಿ,” ಎಂದೆ. ದೊಡ್ಡಪ್ಪ ಸತ್ಯ ಕೇಳುತ್ತಾನೆ, ನಾಚುತ್ತಾನೆ, ಪೆನ್ನು ಕೇಳುತ್ತಾನೆ. ನನ್ನ ಲೆಕ್ಕ ಅಷ್ಟೇ ಸರಳ. ಇತಿಹಾಸ ತಿಳಿದರೆ ಮನುಷ್ಯ ಸುಧಾರಿಸುತ್ತಾನೆ ಎಂದು ನಂಬುವುದು ಇತಿಹಾಸ ಬರೆಸುವ ಮೇಷ್ಟ್ರುಗಳು ಮಾತ್ರ. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ.

ಆ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕಟ್ಟೆಗೆ ಚಾಪೆ ಹಾಸಿದ್ದರು. ದೊಡ್ಡಪ್ಪ ಹೊಸ ರುಮಾಲು ಸುತ್ತಿದ್ದ. ಕೋಲೆಬಸವರು ಸುತ್ತ ಕೂತಿದ್ದರು. ಊರಿನ ಚಹಾದಂಗಡಿಯವನು ಕಪ್ಪುಗಳನ್ನು ಇಟ್ಟುಕೊಂಡು ನಿಂತಿದ್ದ. ಕ್ಯಾಂಪಿನ ತಂದೆ ಮಗಳು ಕಟ್ಟೆಯ ಕೆಳಗೆ, ಬೇವಿನ ನೆರಳಿನಲ್ಲಿ ನಿಂತಿದ್ದರು. ಕೂತ್ಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ತಂದೆ ಮಹಜರಿನ ಹಾಳೆಯನ್ನು ಮಡಚದೆ ಒಂದು ರಟ್ಟಿನ ಮೇಲೆ ಇಟ್ಟುಕೊಂಡು ಹಿಡಿದಿದ್ದ, ಸಹಿ ಮಾಡುವವರಿಗೆ ತೊಂದರೆಯಾಗಬಾರದಲ್ಲ.

ಹೆಳವ ಕೆಂಪು ಅರಿವೆಯ ಗಂಟು ಬಿಚ್ಚಿ, ಪುಸ್ತಕಕ್ಕೆ ಕೈ ಮುಗಿದು, ರಾಗವಾಗಿ ಶುರು ಮಾಡಿದ.

“ಈ ಮನಿಯ ಮೂಲ ಪುರುಷ ಹೊಳಿ ಆಚಿಯಾತ. ಬರ ಬಿದ್ದ ವರ್ಷ ಹೆಂಡ್ತಿ, ಎರಡು ಕೂಸು, ಒಂದು ಕುಂಟು ಮಣಕ ಹೊಡಕೊಂಡು ಹೊಳಿ ದಾಟಿ ಬಂದ. ಅಗಸಿ ಹೊರಗ ಹುಣಸಿಮರದ ಬುಡಕ ಮೂರು ತಿಂಗಳು ಕುಂತ. ಊರು ಒಳಗ ಬಿಡಲಿಲ್ಲ. ನಿನ್ನ ಬಲ್ಲೋರು ಯಾರು ಅಂತು. ಐದು ಮಂದಿ ಹನುಮಪ್ಪನ ಹೊಸ್ತಿಲ ಮ್ಯಾಲೆ ಕೈ ಇಟ್ಟು, ಇವರು ನಮ್ಮೋರು ಅಂದರು. ಆ ಐದು ಕೈಯಿಂದ ಈ ಮನಿ ನಿಂತಿತು...”

ಹೆಳವ ನಿಲ್ಲಿಸದೆ ಆ ಐದು ಮನೆಗಳನ್ನು ಹೇಳುತ್ತ ಹೋದ. ಅದರಲ್ಲಿ ಒಂದು ಕ್ಷೌರದವನ ಮನೆ. ಇನ್ನೊಂದು ಆ ಹೆಬ್ಬೆಟ್ಟು ಒತ್ತಿದ ಮುದುಕಿಯ ಗಂಡನ ಮನೆ. ಚಹಾದಂಗಡಿಯವನು ತಡೆಯಲಾರದೆ ಕಿಸಕ್ಕನೆ ನಕ್ಕ.

ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ, ನಾಚಿಕೆ ಯಾವ ಕಡೆಯಿಂದ ಬರುತ್ತದೆ ಎಂದು. ಅದು ಬರಲೇ ಇಲ್ಲ. ಆತ ಎದ್ದ. ಹೆಳವನ ಕಡೆ ನೋಡಲಿಲ್ಲ, ನಕ್ಕವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬೇವಿನ ಕೆಳಗೆ ಸುಮ್ಮನೆ ನಿಂತಿದ್ದ ಮನುಷ್ಯನ ಕಡೆ ತಿರುಗಿ ಗುಡುಗಿದ.

“ನಗಾಕ ಬಂದೀಯೇನಲೇ ನಮ್ಮ ಮನಿ ಬಾಗಲಿಗೆ?”

ಆತ ನಕ್ಕಿರಲಿಲ್ಲ. ಹೆಳವನ ರಾಗದ ಕನ್ನಡ ಆತನಿಗೆ ಅರ್ಧ ತಿಳಿದಿತ್ತೋ ಇಲ್ಲವೋ. “ಇಲ್ಲ ಸಾಮಿ, ನಾನು... ಹುಡುಗಿ ಓದೋದಕ್ಕೆ, ಒಂದು ಸಹಿ...” ಎನ್ನುವಷ್ಟರಲ್ಲಿ ದೊಡ್ಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೋಲೆಬಸವರು ಒಬ್ಬೊಬ್ಬರೇ ಧೋತರ ಕೊಡವಿಕೊಂಡು ಎದ್ದರು. ಅವರಲ್ಲಿ ಒಬ್ಬನಿಗೂ ಆ ಹಾಳೆ ಕಣ್ಣಿಗೆ ಬೀಳಲಿಲ್ಲ. ಹೆಳವ ಮಾತ್ರ ಪುಸ್ತಕ ತೆರೆದುಕೊಂಡು ಕೂತೇ ಇದ್ದ.

ತಂದೆ ಆಗಲೇ ಬಿಚ್ಚಿ ಹಿಡಿದಿದ್ದ ಪೆನ್ನಿಗೆ ಮತ್ತೆ ಟೋಪಿ ಹಾಕಿದ. ಹುಡುಗಿ ಆತನ ಕೈಯಿಂದ ರಟ್ಟನ್ನು ತೆಗೆದುಕೊಂಡು ಎರಡು ಹೆಜ್ಜೆ ಮುಂದೆ ಬಂದು ನನ್ನ ಮುಂದೆ ಹಿಡಿದಳು. “ಸಾರ್,” ಎಂದಳು, ಅಷ್ಟೇ. ಹಾಳೆಯಲ್ಲಿ ನಾಲ್ಕು ಗುರುತುಗಳ ಕೆಳಗೆ ‘ಐದು’ ಎಂದು ಬರೆದು ಜಾಗ ಬಿಟ್ಟಿದ್ದರು. ನನ್ನ ಅಂಗಿಯ ಜೇಬಿನಲ್ಲಿ ಪೆನ್ನು ಇತ್ತು. ಕೆಂಪು ಶಾಯಿಯದೊಂದು, ನೀಲಿ ಶಾಯಿಯದೊಂದು.

ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡೆ. ಪೆನ್ನು ತೆಗೆಯಲು ಅಲ್ಲ, ಅದು ಕಾಣದ ಹಾಗೆ.

“ಸಂಜಿಕ ಬಾ. ದೊಡ್ಡಪ್ಪನ ಸಿಟ್ಟು ಇಳೀಲಿ, ನೋಡೋಣ,” ಎಂದೆ.

ಮಧ್ಯಾಹ್ನದ ಬಸ್ಸಿಗೇ ನಾನು ಕೊಟ್ಟೂರಿಗೆ ಹೊರಟುಬಿಟ್ಟೆ. ಪೇಪರ್ ವ್ಯಾಲ್ಯುಯೇಷನ್ ಇದೆ ಎಂದು ಮನೆಯಲ್ಲಿ ಹೇಳಿದೆ. ಹೊರಡುವ ಮುಂಚೆ ಹೆಳವ ತನ್ನ ಗಂಟು ಕಟ್ಟುತ್ತಿದ್ದ. ದೊಡ್ಡಪ್ಪ ಅವನಿಗೆ ಒಂದು ಹಿಡಿಯೂ ಕೊಟ್ಟಿರಲಿಲ್ಲ. ನಾನೇ ಒಂದು ಮೊರ ಜೋಳ ಹಾಕಿಸಿದೆ. ಅವನು ಪುಸ್ತಕದ ಕೊನೆಯ ಪುಟ ತೆರೆದು, “ನಿಮ್ಮ ಹೆಸರಿನ ಮುಂದ ಏನಂತ ಬರಕೊಳ್ಳಲ್ರಿ?” ಎಂದು ಕೇಳಿದ.

“ಕಾಲೇಜು ಮೇಷ್ಟ್ರು ಅಂತ ಬರ್ಕೊ. ಇತಿಹಾಸ,” ಎಂದೆ. ಅವನು ತಲೆ ಆಡಿಸಿದ.

ಸಂಜೆ ಹುಡುಗಿ ಬಂದಿದ್ದಳಂತೆ, ಒಬ್ಬಳೇ. ದೊಡ್ಡಮ್ಮ ಆಮೇಲೆ ಹೇಳಿದಳು, ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು, ನೀರು ಕೊಟ್ಟರೆ ಕುಡಿದು ಹೋದಳು ಎಂದು. ಆ ವರ್ಷದ ಅರ್ಜಿ ಹೋಗಲಿಲ್ಲ. ಮುಂದಿನ ಸುಗ್ಗಿ ಆದ ಮೇಲೆ ಕ್ಯಾಂಪಿನವರೆಲ್ಲ ಹೊಲ ಬಿಟ್ಟು, ಮನೆಗಳ ಬಾಗಿಲು ಕಿಟಕಿ ಕಿತ್ತುಕೊಂಡು ಟ್ರಾಕ್ಟರಿನಲ್ಲಿ ಹಾಕಿಕೊಂಡು ತುಂಗಭದ್ರಾ ಕಾಲುವೆಯ ಕಡೆ ಎಲ್ಲಿಗೋ ಹೋದರು. ಹುಡುಗಿಗೆ ಅಲ್ಲೇ ಮದುವೆಯಾಯಿತೆಂದು ಕೇಳಿದೆ. ಯಾವ ಊರು, ಕಲಿಸುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಹುಡುಕಿದ್ದರೆ ಗೊತ್ತಾಗುತ್ತಿತ್ತು. ನಮ್ಮವರ ಹೆಂಡಂದಿರು ಆ ವರ್ಷದಿಂದ ಕೂಲಿಗೆ ಟೆಂಪೋ ಹತ್ತಿ ಕಾನಹೊಸಹಳ್ಳಿ ಕಡೆಗೆ ಹೋಗತೊಡಗಿದರು. ಅಲ್ಲಿಯವರು ಅವರನ್ನು ‘ಹೊರಗಿನೋರು’ ಎಂದು ಕರೆಯುತ್ತಾರೆಂದು ಬಂದು ಬೈದುಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ದೊಡ್ಡಪ್ಪ ತೀರಿಕೊಂಡ. ಹೊಲ ಪಾಲಾಯಿತು. ರಸ್ತೆ ಕಡೆಯದು ನನಗೇ ಬಂತು. ಅಷ್ಟು ಸಿಕ್ಕ ಮೇಲೆ ನನಗೆ ಧೈರ್ಯವೂ ಬಂತು. ಹೊಸಪೇಟೆಯಲ್ಲಿ, ಬಳ್ಳಾರಿಯಲ್ಲಿ ಎಲ್ಲಿ ಸೆಮಿನಾರ್ ಇದ್ದರೂ ಹೋಗಿ, ವಸಾಹತು ಕಾಲದ ಅಮೆರಿಕದ ವಲಸೆಯಿಂದ ಶುರು ಮಾಡಿ ನಮ್ಮ ಮನೆಯ ಕುಂಟು ಮಣಕಕ್ಕೆ ತಂದು ಮುಗಿಸುತ್ತಿದ್ದೆ. ಮೊದಲು ಬಂದವನು ಹತ್ತಿದ ಏಣಿಯನ್ನು ಒದೆಯುತ್ತಾನೆ, ನಾವೆಲ್ಲರೂ ಬಂದವರೇ, ಮೂಲದವರು ಯಾರೂ ಇಲ್ಲ ಎನ್ನುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡಪ್ಪನ ರುಮಾಲು, ಮೀಸೆ, ಬಾಗಿಲು ಹಾಕಿಕೊಂಡದ್ದು ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಬೇವಿನ ಕೆಳಗೆ ನಿಂತವರ ವಿಷಯ ಬರುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಶಾಲು ಹೊದಿಸಿ ಕಳಿಸುತ್ತಿದ್ದರು.

ಆಮೇಲೊಂದು ಬೇಸಿಗೆಯಲ್ಲಿ, ದೊಡ್ಡಪ್ಪ ಇರುವವರೆಗೆ ನಮ್ಮ ಮನೆ ಕಡೆ ಸುಳಿಯದಿದ್ದ ಅದೇ ಹೆಳವ ಬಂದ. ಮುದುಕನಾಗಿದ್ದ, ಎತ್ತಿನ ಕೊರಳಲ್ಲಿ ಅದೇ ಗಂಟೆ, ಅವನ ಜೇಬಿನಲ್ಲಿ ಮೊಬೈಲು. ನಾನು ಅದೇ ಕಟ್ಟೆಯ ಮೇಲೆ, ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲೇ ಚಾಪೆ ಹಾಸಿಸಿದೆ. ಕಾಲೇಜಿಗೆ ಹೋಗುತ್ತಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

“ಮೊದಲಿಂದ ಓದು. ಈ ಮನಿಯಾಗ ಬಚ್ಚಿಡೋದು ಏನೂ ಇಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅವನು ಓದಿದ. ಹೊಳೆ, ಬರ, ಕುಂಟು ಮಣಕ, ಹುಣಸೆಮರ, ಐದು ಕೈ. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ನಾನು ನಡುನಡುವೆ ಅರ್ಥ ಹೇಳಿದೆ. ಮುತ್ತಜ್ಜ, ಅಜ್ಜ ಮುಗಿದು, ದೊಡ್ಡಪ್ಪ ಮುಗಿದು, ಅಪ್ಪ ಮುಗಿದು, ನನ್ನ ಪುಟಕ್ಕೆ ಬಂದ. ಅಲ್ಲಿ ರಾಗ ನಿಲ್ಲಿಸಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಮೆಲ್ಲಗೆ ಕೇಳಿದ.

“ಇದನ್ನ ಓದ್ಲೋ, ಬಿಡ್ಲೋ ಸಾಹೇಬ್ರ?”

ಬಗ್ಗಿ ನೋಡಿದೆ. ಅವನ ಅಕ್ಷರ ದಪ್ಪ, ದುಂಡಗೆ, ಒಂದು ತಪ್ಪಿಲ್ಲ. ‘ಈ ತಲೆಯವ ಕಾಲೇಜು ಮೇಷ್ಟ್ರು. ಇತಿಹಾಸ. ಊರಿಗೆ ಬಂದವರು ಐದು ಕೈ ಕೇಳಿದರು. ನಾಲ್ಕು ಕೈ ಬಂದವು. ಐದನೆಯ ಕೈ ಈತನ ಜೇಬಿನ ಮೇಲಿತ್ತು.’

“ಆ ಸಾಲು ಬಿಟ್ಟು ಮುಂದ ಓದು,” ಎಂದೆ.

ಎದ್ದು ಒಳಗೆ ಹೋಗಿ, ಜೋಳದ ಚೀಲವೊಂದನ್ನು ನಾನೇ ಎಳೆದು ತಂದು ಅವನ ಗಂಟಿನ ಪಕ್ಕ ಇಟ್ಟೆ. ಅವನು ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದ.

“ಏನಪ್ಪಾ ಅದು? ಏನು ಬರದಾರ?” ಎಂದು ಮಗಳು ಕತ್ತು ಚಾಚಿದಳು.

“ಅದು ಪರೀಕ್ಷೆಗೆ ಬರೋದಿಲ್ಲ. ಕೂತ್ಕೊ,” ಎಂದೆ.